ಗಾಡಿಯೂ ಮನೆಯೇ

ಮಂಚವೂ ಒಲೆಯೂ ಇದ್ದ ಆ ದೊಡ್ಡ ವ್ಯಾನಿನಲ್ಲಿ ನಿವೃತ್ತ ಮೇಷ್ಟ್ರು ಹೆಂಡತಿಯೊಡನೆ ಬೆಟ್ಟಸೀಮೆ ನೋಡಲು ಹೊರಟಿದ್ದರು. “ಗಾಡಿಯಾದ್ರೂ ಮನೆಯೇ ರೀ,” ಎಂದು ಹೆಂಡತಿ ಗಂಡನನ್ನೂ ಬರಿಗಾಲಲ್ಲೇ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಕೆರೆಯೊಂದರ ದಡದಲ್ಲಿ, ನೀರಿನಂಚಿಗೇ ವ್ಯಾನು ನಿಲ್ಲಿಸಿ ರಾತ್ರಿ ತಂಗಿ, ಬೆಳಗಿನ ಮಂಜಿನಲ್ಲೇ ಮುಂದೆ ಸಾಗಿದರು. ಗುಡ್ಡ ಕುಸಿದು ದಾರಿ ಮುಚ್ಚಿತ್ತು. ಕೆಳಗಿಳಿಯದೆಯೇ ವ್ಯಾನು ತಿರುಗಿಸಿ, ಮಧ್ಯಾಹ್ನದ ಹೊತ್ತಿಗೆ ಅದೇ ಕೆರೆಗೆ ಮರಳಿದರು.

ದಡದ ತುಂಬ ಜನ. ಹೆಂಗಸೊಬ್ಬಳು ಎದೆ ಬಡಿದುಕೊಂಡು ನೀರಿನತ್ತ ಕೂಗುತ್ತಿದ್ದಳು. ಮೇಷ್ಟ್ರು ವ್ಯಾನಿನಿಂದ ಧುಮುಕಿ, ಕಲ್ಲು ಚುಚ್ಚುವುದನ್ನೂ ಲೆಕ್ಕಿಸದೆ ಓಡಿದರು.

“ಏನಾಯ್ತಮ್ಮ?”

“ನನ್ ಗಂಡ ಸ್ವಾಮಿ! ಯಾರೋ ಇಬ್ರು ಕೆರೆಗೆ ಹಾರವ್ರೆ ಅಂತ ಹುಡ್ಕೋಕೆ ಮುಳುಗ್ದೋನು, ಮೇಲಕ್ಕೆ ಬರ್ಲೇ ಇಲ್ಲ!”

ಮೇಷ್ಟ್ರು ಅಂಗಿ ಕಳಚಿ ನೀರಿಗಿಳಿಯಹೋದರು. ಬೆಸ್ತನೊಬ್ಬ ಅವರ ರಟ್ಟೆ ಹಿಡಿದ.

“ಬ್ಯಾಡಿ ಯಜಮಾನ್ರೇ, ತಳದಲ್ಲಿ ಬರೀ ಕೆಸರು. ಬಲೆ ಬೀಸಿ ಬೀಸಿ ನಮ್ ಕೈಯೇ ಸೋತೋಯ್ತು.”

ಅಸಹಾಯಕತೆ ಮೇಷ್ಟ್ರೊಳಗೆ ಸಿಟ್ಟಾಗಿ ಉಕ್ಕಿತು.

“ಎಂಥ ಹೊಣೆಗೇಡಿಗಳು! ಸಾಯೋರಿಗೆ ಇನ್ನೊಬ್ಬಳ ಸಂಸಾರ ಮುಳುಗಿಸೋ ಹಕ್ಕು ಯಾರು ಕೊಟ್ಟರು? ಯಾರವರು, ಹೆಸರಾದರೂ ಗೊತ್ತೇ?”

“ಯಾರೋ ಏನೋ,” ಎಂದ ಬೆಸ್ತ. “ಬೆಳಿಗ್ಗೆ ನೋಡಿದ್ರೆ ನೀರಂಚಲ್ಲಿ ಚಪ್ಪಲಿ ಜೋಡಿಸಿಟ್ಟಿತ್ತು. ಗಂಡಸಿಂದೊಂದು ಜೊತೆ, ಹೆಂಗಸಿಂದೊಂದು.”

ಅಷ್ಟರಲ್ಲಿ, ಗಂಡನ ಹಿಂದೆ ಬರಲೆಂದು ವ್ಯಾನಿನ ಬಾಗಿಲಿಗೆ ಬಂದಿದ್ದ ಹೆಂಡತಿ ಅಲ್ಲಿಂದಲೇ ಕೂಗಿದರು:

“ರೀ, ನಮ್ಮಿಬ್ಬರ ಚಪ್ಪಲೀನೂ ಕಾಣ್ತಿಲ್ಲ. ರಾತ್ರಿ ಇಲ್ಲೇ ಬಿಟ್ವೇನೋ, ಸ್ವಲ್ಪ ನೋಡಿ!”