ಅಡ್ಡಬಾಯಿ

ಕ್ರೇನ್ ಚಾಲಕನ ಹೆಡ್‌ಸೆಟ್ ಕರಕರ ಅನ್ನುತ್ತಿತ್ತು. ಮಾತಿನ ಒಂದೊಂದು ಚೂರು ಬಂದಾಗಲೂ ‘ಕೈಲಿದ್ದ ಕೆಲಸ ಬಿಟ್ಟು ಇತ್ತ ನೋಡು’ ಅನ್ನುವ ಇಂಟರಪ್ಟ್ ಸಂಕೇತ ಹೋಗಿ ಅದರೊಳಗಿನ ಪ್ರೊಸೆಸರ್‌ನ ಕೆಲಸ ಕೆಡಿಸುತ್ತಿತ್ತು. ಇಂಜಿನಿಯರ್ ಸಿದ್ದೇಗೌಡ ರೇಗಿ ಹೆಡ್‌ಸೆಟ್ ನಡೆಸುವ ಡ್ರೈವರ್ ಪ್ರೋಗ್ರಾಮನ್ನೇ ತಿದ್ದಿದ: ಮಾತು ಕೂಡಿಡುವ ಬಫರ್‌ನಲ್ಲಿ ನಾಲ್ಕು ಸೆಕೆಂಡಿನಷ್ಟು ತುಂಬಿದ ಮೇಲೇ ಇಂಟರಪ್ಟ್, ಆಮೇಲೇ ಅದು ಚಾಲಕನ ಕಿವಿಗೆ.

“ಸಾರ್, ಒಂದ್ ವಿಷ್ಯ…” ಎಂದಳು ಜೊತೆಗೆ ಕೆಲಸ ಮಾಡುವ ಫರೀದಾ.

“ಅಡ್ಡಬಾಯಿ ಹಾಕ್ಬೇಡ ಕಣಮ್ಮ! ನಂದು ಮುಗೀಲಿ, ಆಮೇಲೆ ಹೇಳು.”

ಪರೀಕ್ಷೆಗೆ ಅವನೇ ವಾಕಿಟಾಕಿ ಹಿಡಿದು ಕ್ರೇನ್ ಕೆಳಗಿನ ಇಕ್ಕಟ್ಟಾದ ಹೊಂಡಕ್ಕೆ ಇಳಿದ. ಉದ್ದುದ್ದದ ಸೂಚನೆಗಳೆಲ್ಲ ಚಾಲಕನಿಗೆ ಸ್ವಚ್ಛವಾಗಿ ಕೇಳಿದವು. ಕಬ್ಬಿಣದ ತೊಲೆ ಇಳಿಯತೊಡಗಿತು. ತಲೆಗೆ ಎರಡು ಮೊಳ ಉಳಿದಾಗ ಸಿದ್ದೇಗೌಡ ವಾಕಿಟಾಕಿಯ ಬಟನ್ ಒತ್ತಿದ.

“ನಿಲ್ಸು!”

ತೊಲೆ ನಿಲ್ಲಲಿಲ್ಲ.

“ನಿಲ್ಸೋ!”

ತೊಲೆ ಹೆಲ್ಮೆಟ್ಟಿಗೆ ತಾಗಿತು. ಅವನು ಕುಕ್ಕರಿಸಿ, ಬಟನ್ ಬಿಡದೆ ಬೈಯತೊಡಗಿದ. “ಕಿವಿಗೆ ಸೀಸ ಹುಯ್ಕೊಂಡಿದೀಯೇನೋ ಕತ್ತೆ ಬಡವ, ನನ್ನ ಇಲ್ಲೇ ಹೂತಾಕ್ಬೇಕು ಅಂತಿದೀಯಾ, ಮೇಲೆ ಬಂದ್ರೆ ನಿನ್ನ ಚರ್ಮ…”

ತೊಲೆ ಗಕ್ಕನೆ ನಿಂತಿತು.

“ನಿಲ್ಸು ಅಂದಿದ್ದೂ, ಬೈದಿದ್ದೂ, ಎಲ್ಲಾ ಈಗ ಒಟ್ಟಿಗೇ ಬಂತು ಸಾರ್!” ಎಂದು ಚಾಲಕ ಮೇಲಿನಿಂದ ಕೂಗಿದ.

ಓಡಿ ಬಂದ ಫರೀದಾ ಏದುಸಿರು ಬಿಡುತ್ತ ಹೊಂಡದೊಳಗೆ ಬಗ್ಗಿ ನೋಡಿದಳು.

“ನಿಮ್ದು ಮುಗೀತಾ ಸಾರ್? ಈಗ ಹೇಳ್ಲಾ?”