ಓದುಗರ ಸಪ್ತಾಹ

‘ಓದುಗರ ಸಪ್ತಾಹದ ಪ್ರಯುಕ್ತ ಇಂದು ಓದುಗರಿಗೆ ಪ್ರವೇಶವಿಲ್ಲ.’ ವಿಶ್ವವಿದ್ಯಾಲಯದ ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ್ದ ಹಿಂದಿ ಚೀಟಿಯನ್ನು ಸುಪ್ರೀತಾ ಎರಡೆರಡು ಸಲ ಓದಿದಳು. ಅರ್ಥವೇನೂ ಬದಲಾಗಲಿಲ್ಲ. ದೆಹಲಿಯ ಮುನಿರ್ಕಾ ಬಡಾವಣೆಯ ರೂಮಿನಿಂದ ಉರಿಬಿಸಿಲಲ್ಲಿ ಓಡಿಬಂದವಳಿಗೆ ಮೈಯೆಲ್ಲ ಉರಿದುಹೋಯಿತು. ಕಾವಲುಗಾರ ಬೇಡ ಬೇಡವೆಂದರೂ ಕೇಳದೆ ಒಳಗೆ ನುಗ್ಗಿದಳು.

ತಪ್ಪು ತನ್ನದೂ ಇತ್ತಲ್ಲ, ಸಿಟ್ಟು ಅದಕ್ಕೇ ಇನ್ನೂ ಜಾಸ್ತಿ. ಕರಾವಳಿಯ ಬಂದರುಗಳ ಬಗೆಗಿನ ಅವಳ ಪಿಎಚ್‌.ಡಿ. ಪ್ರಬಂಧ ಸಂಜೆಯೊಳಗೆ ಸಲ್ಲಿಕೆಯಾಗಬೇಕು. ಹಳೆಯ ಬಂದರು ವರದಿಯೊಂದರಿಂದ ಕೋಷ್ಟಕ ಬರೆದುಕೊಂಡ ಮಹಾತಾಯಿ ಪುಟಸಂಖ್ಯೆ ಬರೆದುಕೊಳ್ಳುವುದನ್ನೇ ಮರೆತಿದ್ದಳು. ‘ಅದಿಲ್ಲದೆ ಸಹಿ ಹಾಕುವುದಿಲ್ಲ’ ಎಂದು ಮಾರ್ಗದರ್ಶಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಇವತ್ತು ತಪ್ಪಿದರೆ ಮಂಗಳೂರಿನ ಕಾಲೇಜಿನಲ್ಲಿ ಸಿಕ್ಕಿದ್ದ ಕೆಲಸಕ್ಕೂ ಎಳ್ಳುನೀರು.

ವರದಿಯೇನೋ ಕಣ್ಣೆದುರಿಗೇ ಇತ್ತು. ‘ಅಪರೂಪದ ಗ್ರಂಥ’ ಎಂಬ ಫಲಕ ಹೊತ್ತು, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಪಕ್ಕದಲ್ಲಿ ಉಪಗ್ರಂಥಪಾಲಕ ಇಂದುಶೇಖರ ಕಾವಲು ನಿಂತಿದ್ದರು. ಗ್ರಂಥಾಲಯದ ವಾರ್ತಾಪತ್ರಿಕೆಗೂ ಅವರೇ ಸಂಪಾದಕರು.

“ಸರ್, ಐದೇ ನಿಮಿಷ ತೆಗೆದುಕೊಡಿ. ಒಂದು ಪುಟ ನೋಡ್ಬೇಕು.”

“ಅಯ್ಯೋ, ಈಗ ಹೇಗಮ್ಮ? ಕುಲಪತಿಗಳು ಬರೋ ಹೊತ್ತು. ನಾಳೆ ಬಾ, ಎಷ್ಟು ಬೇಕಾದ್ರೂ ಓದ್ಕೋ.”

“ನಾಳೆ ಓದಿ ಏನ್ಮಾಡ್ಲಿ ಸರ್, ಉಪ್ಪಿನಕಾಯಿ ಹಾಕ್ಲಾ?”

“ಹಾಗಂದ್ರೆ ಹೇಗೆ? ನಿಯಮ ಅಂತ ಒಂದಿದೆಯಲ್ಲ. ನಮ್ಮೂರ ಕಡೆಯವಳು ಅಂತ ನಿನಗೊಬ್ಬಳಿಗೆ ಬಾಗಿಲು ತೆಗೆದ್ರೆ ನಾಳೆ ಎಲ್ಲರೂ ಬಂದು ಕೂರ್ತಾರೆ!”

ಗ್ರಂಥಾಲಯದಲ್ಲಿ ಎಲ್ಲರೂ ಬಂದು ಕೂರುವುದಂತೆ, ಅದೊಂದು ಅನಾಹುತವಂತೆ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದರೆ ಇದೇ. ಸುಪ್ರೀತಾಳ ಐದು ವರ್ಷದ ದುಡಿಮೆ ಒಂದು ಗಾಜಿನ ಆಚೆ ಬಿದ್ದಿತ್ತು.

ಅಷ್ಟರಲ್ಲಿ ವಾರ್ತಾಪತ್ರಿಕೆಗೆ ಫೋಟೊ ತೆಗೆಯಲು ಬಂದಿದ್ದ ಛಾಯಾಗ್ರಾಹಕ ಹಿಂದಿಯಲ್ಲಿ ರೇಗಿದ. “ಸರ್‌ ಜೀ, ಹಾಲ್ ಪೂರಾ ಖಾಲಿ. ಓದೋರೇ ಇಲ್ದೆ ಫೋಟೊ ಯಾರದ್ದು ತೆಗೀಲಿ?”

ಇಂದುಶೇಖರ ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿದರು. ಅವರ ಕಣ್ಣು ಸುಪ್ರೀತಾಳ ಮೇಲೆ ಬಂದು ನಿಂತಿತು. ದನಿ ಬೆಣ್ಣೆಯಾಯಿತು.

“ಚಲೋ, ನೀನೇ ಕೂತ್ಕೋ ಅಮ್ಮ. ಮುಖಪುಟದಲ್ಲೇ ಹಾಕಿಸ್ತೀನಿ.”

“ಕೂತ್ಕೋತೀನಿ ಸರ್. ಆದ್ರೆ ಕೈಗೆ ಆ ಪುಸ್ತಕಾನೇ ಬೇಕು.”

ಅವರು ಒಂದು ಗಳಿಗೆ ಅನುಮಾನಿಸಿದರು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಜೇಬಿನಿಂದ ಬೀಗದಕೈ ತಾನಾಗಿ ಹೊರಬಂತು.

ಸುಪ್ರೀತಾ ಕೂತವಳೇ ಸರಸರನೆ ಹಾಳೆ ಮಗುಚತೊಡಗಿದಳು. ಕುಲಪತಿಗಳು ಬಂದು ಅವಳ ಕುರ್ಚಿಯ ಹಿಂದೆ ನಿಂತು ಮುಗುಳ್ನಕ್ಕರು. “ಮೇಡಂ, ಇತ್ತ ನೋಡಿ” ಎಂದ ಛಾಯಾಗ್ರಾಹಕ. ಅವಳು ನೋಡಲಿಲ್ಲ. ಕೋಷ್ಟಕ ಸಿಕ್ಕೇಬಿಟ್ಟಿತು! ಪುಟಸಂಖ್ಯೆಯನ್ನು ಅಂಗೈಯಲ್ಲಿ ಗೀಚಿಕೊಂಡಳು. ಅಲ್ಲಿಗೆ ಏಳಬಹುದಿತ್ತು. ಆದರೆ ಕೋಷ್ಟಕದ ಕೆಳಗೆ ಸಣ್ಣಕ್ಷರದ ಟಿಪ್ಪಣಿಯೊಂದಿತ್ತು, ಹಿಂದಿನ ಸಲ ಅದು ಕಣ್ಣಿಗೇ ಬಿದ್ದಿರಲಿಲ್ಲ. ಬಗ್ಗಿ ಓದತೊಡಗಿದಳು.

“ಮೇಡಂ, ತಲೆ ಎತ್ತಿ! ಸ್ವಲ್ಪ ನಗಿ!”

ಅವಳಿಗೆ ಕೇಳಿಸಲೇ ಇಲ್ಲ. ಛಾಯಾಗ್ರಾಹಕ ಬೇಸತ್ತು ಕ್ಯಾಮೆರಾ ಇಳಿಸಿದ.

“ಸರ್‌ ಜೀ, ಇವರನ್ನ ಎಬ್ಬಿಸಿ, ಬೇರೆ ಯಾರನ್ನಾದ್ರೂ ಕೂರಿಸಿ. ಇವರು ನಿಜವಾಗ್ಲೂ ಓದ್ತಾ ಇದ್ದಾರೆ!”