ಬಂದೂಕು ಕೂರುವ ಜಾಗ

ಮೂರನೇ ಸಲವೂ ಬಂದೂಕಿನ ಹಿಂತುದಿ ಡಾಕ್ಟರ್ ಚಿದಾನಂದರ ಅಂಗಿಯೊಳಗಿನ ಇಷ್ಟಲಿಂಗದ ಕರಡಿಗೆಗೆ ಬಡಿಯಿತು. ಅವರು ಕರಡಿಗೆಯನ್ನು ಎಡಕ್ಕೆ ಸರಿಸಿದರು. ಬಂದೂಕು ಎತ್ತಿದೊಡನೆ ಅದು ಮತ್ತೆ ಬಲಕ್ಕೇ ಜಾರಿತು.

ನಾಟಿಂಗ್‌ಹ್ಯಾಮಿನ ಬಂದೂಕಿನ ಅಂಗಡಿಯವನು ನಳಿಗೆಯ ಬಾಯಿಗೆ ಅದರ ಅಗಲ ಹೊಂದಿಸುವ ಚೋಕ್ ಕೊಳವೆಗಳಲ್ಲಿ ಸಡಿಲವಾದದ್ದನ್ನು ತಿರುಗಿಸಿ ಕೂರಿಸಿದ್ದ. ಜಿಂಕೆಗೆ ಹೊಡೆಯುವ ಸ್ಲಗ್ ಒಂದೇ ದಪ್ಪ ಗುಂಡು, ಬಿಗಿ ಚೋಕಿನಲ್ಲಿ ಹಾರಿಸಬಾರದು ಎಂದು ವಿವರಿಸುತ್ತಿದ್ದ. ಚಿದಾನಂದರಿಗೆ ಅರ್ಧ ಮಾತ್ರ ಕೇಳಿಸುತ್ತಿತ್ತು.

"ಲಗೂನ ಆರಿಸ್ರಿ," ಎಂದಳು ಹೆಂಡತಿ ನಿವೇದಿತಾ. "ನಿನ್ನೇನೂ ಜಿಂಕಿ ಬಂದು ಸೇಬಿನ ಗಿಡದ ತೊಗಟಿ ಸುಲದಾವ. ಹಿಂಗಾದ್ರ ತೋಟಾನ ಉಳಿಯೂದಿಲ್ಲ."

ಕರಡಿಗೆ ತೂಗುವ, ಸ್ನಾನಕ್ಕೂ ಮೈಯಿಂದ ಇಳಿಸದ ಶಿವದಾರವನ್ನು ಚಿದಾನಂದರು ತಲೆಯ ಮೇಲಿಂದ ತೆಗೆದರು. ಕರಡಿಗೆಯನ್ನು ಕೌಂಟರಿನ ಮೇಲೆ, ಸ್ಲಗ್ ಪೆಟ್ಟಿಗೆಯ ಪಕ್ಕದಲ್ಲಿಟ್ಟು ಬಂದೂಕು ಎತ್ತಿದರು. ಈ ಸಲ ಅದು ಭುಜಕ್ಕೆ ಸರಿಯಾಗಿ ಕೂತಿತು.

"ಈಗ ಬರೋಬರಿ ಆತು ನೋಡು," ಎಂದು ತಿರುಗಿದರು.

ನಿವೇದಿತಾ ಬಂದೂಕಿನತ್ತ ನೋಡುತ್ತಿರಲಿಲ್ಲ. ಕೌಂಟರಿನಿಂದ ಕರಡಿಗೆ ಎತ್ತಿಕೊಂಡು, ಅದರ ಶಿವದಾರವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಿದ್ದಳು.

"ಬಂದೂಕ ಕೆಳಗಿಡ್ರಿ," ಎಂದಳು. "ತಲಿ ಬಗ್ಗಸ್ರಿ."